ಮನೆಯಲ್ಲೇ ಆಡಿಯೋ ಪವರ್ ಆಂಪ್ಲಿಫೈಯರ್: ಜೋಡಣೆಯಿಂದ ಪರೀಕ್ಷೆಯವರೆಗೆ

ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರ್ ಸುಟ್ಟುಹೋದಾಗ ಅಥವಾ ಗುಂಯ್‌ಗುಡುತ್ತ ಕೂತಾಗ ನಾವು ಮೊದಲು ಶಂಕಿಸುವುದು ಸರ್ಕ್ಯೂಟ್ ನಕ್ಷೆಯನ್ನು. ಆದರೆ ತಪ್ಪು ಬಹುತೇಕ ಬೇರೆಡೆ ಇರುತ್ತದೆ: ಗ್ರೌಂಡ್ ತಂತಿಯನ್ನು (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ತಂತಿಯನ್ನು) ಎಲ್ಲಿ ಕೂಡಿಸಿದ್ದೇವೆ ಎಂಬುದರಲ್ಲಿ, ಐಸಿಯ ಕಾಲಿನಿಂದ ಕೆಪಾಸಿಟರ್ ಎಷ್ಟು ದೂರ ಕೂತಿದೆ ಎಂಬುದರಲ್ಲಿ, ಎಲ್ಲವನ್ನೂ ಜೋಡಿಸಿದ ಉತ್ಸಾಹದಲ್ಲಿ ನೇರವಾಗಿ ಸ್ಪೀಕರ್ ಸಿಕ್ಕಿಸಿ ಸ್ವಿಚ್ ಒತ್ತಿಬಿಟ್ಟ ಅವಸರದಲ್ಲಿ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಜೋಡಣೆಗೆ ಕೊಟ್ಟಷ್ಟೇ ಜಾಗವನ್ನು ಪರೀಕ್ಷೆಗೂ ಕೊಟ್ಟಿದ್ದೇನೆ. ಪ್ರತಿ ಹಂತವನ್ನು ಕಟ್ಟಿದ ಕೂಡಲೇ ಅಳೆದು ನೋಡಿ, ಅದು ಸರಿಯೆಂದು ಖಚಿತವಾದ ಮೇಲಷ್ಟೇ ಮುಂದಿನದಕ್ಕೆ ಕೈಹಾಕುವುದು ಇಲ್ಲಿನ ಕ್ರಮ. ಸ್ಪೀಕರ್‌ನ ಸರದಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ.

ಇಲ್ಲಿ ಕಟ್ಟುವುದು ಎರಡು ಚಾನೆಲ್‌ಗಳ ಸ್ಟೀರಿಯೋ ಆಂಪ್ಲಿಫೈಯರ್. 8 ಓಮ್ ಸ್ಪೀಕರ್‌ಗೆ ಚಾನೆಲ್ ಒಂದಕ್ಕೆ ಸುಮಾರು 25 ವ್ಯಾಟ್ ಕೊಡುವಂಥದ್ದು. ಅದರ ಹೃದಯ ಎಲ್‌ಎಂ3886 ಎಂಬ ಐಸಿ. ಬಿಡಿ ಟ್ರಾನ್ಸಿಸ್ಟರ್‌ಗಳಿಂದ ಕಟ್ಟುವುದು ಹೆಚ್ಚು ಕಲಿಸುತ್ತದೆ ಎಂಬ ಮಾತು ನಿಜ. ಆದರೆ ಅಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಬಯಾಸ್, ಅಂದರೆ ಸಿಗ್ನಲ್ ಇಲ್ಲದಾಗಲೂ ಅವುಗಳಲ್ಲಿ ಹರಿಯಬೇಕಾದ ಸಣ್ಣ ಕರೆಂಟ್, ಹೊಂದಿಸುವುದು, ಬಿಸಿಯಾದಾಗ ಅದು ಹಿಡಿತ ತಪ್ಪದಂತೆ ಕಾಯುವುದು ಮುಂತಾದ ಕೆಲಸಗಳು ಸೇರಿಕೊಂಡು, ತಪ್ಪಾದಾಗ ಯಾವುದರಿಂದ ಆಯಿತೆಂದು ಹೇಳುವುದೇ ಕಷ್ಟವಾಗುತ್ತದೆ. ಎಲ್‌ಎಂ3886ನ ಒಳಗೆ ಬಯಾಸ್, ಅತಿಯಾದ ಕರೆಂಟ್‌ನಿಂದ ರಕ್ಷಣೆ, ಅತಿಯಾದ ಬಿಸಿಯಿಂದ ರಕ್ಷಣೆ ಎಲ್ಲವೂ ಇವೆ. ಹಾಗಾಗಿ ಮೊದಲ ಬಾರಿ ಕಟ್ಟುವವರು ತಮ್ಮ ಗಮನವನ್ನೆಲ್ಲ ವಿದ್ಯುತ್ ಪೂರೈಕೆ, ಗ್ರೌಂಡ್ ಮತ್ತು ಶಾಖದ ಮೇಲೆ ಇಡಬಹುದು. ಸರಿಯಾಗಿ ಕಟ್ಟಿದರೆ ಇದರ ಧ್ವನಿಯಲ್ಲಿ ಕೊರತೆಯೆಂದು ಹೇಳುವಂಥದ್ದು ಏನೂ ಉಳಿಯುವುದಿಲ್ಲ.

ಮುಂದುವರಿಯುವ ಮೊದಲು ಒಂದು ಎಚ್ಚರಿಕೆ. ಈ ಪೆಟ್ಟಿಗೆಯೊಳಗೆ ಮೇನ್ಸ್ ವಿದ್ಯುತ್ ಇರುತ್ತದೆ, ಅದು ಪ್ರಾಣ ತೆಗೆಯಬಲ್ಲದು. ಒಳಗೆ ಕೈಹಾಕುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಮೇನ್ಸ್ ತಂತಿಯ ಕೆಲಸದಲ್ಲಿ ಅಭ್ಯಾಸವಿಲ್ಲದವರು ಆ ಭಾಗವನ್ನಷ್ಟೇ ತಿಳಿದವರಿಂದ ಮಾಡಿಸಿಕೊಳ್ಳುವುದು ಒಳ್ಳೆಯದು.

ಮೊದಲು ಲೆಕ್ಕ

ಎಷ್ಟು ವೋಲ್ಟ್ ಪೂರೈಕೆ ಬೇಕು ಎಂಬುದು ಎಷ್ಟು ವ್ಯಾಟ್ ಬೇಕು ಎಂಬುದರಿಂದ ಹುಟ್ಟುತ್ತದೆ. ಸೈನ್ ಅಲೆಯ ಶಿಖರ ವೋಲ್ಟೇಜನ್ನು ವರ್ಗ ಮಾಡಿ, ಸ್ಪೀಕರ್ ರೋಧದ ಎರಡರಷ್ಟರಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 8 ಓಮ್‌ಗೆ 25 ವ್ಯಾಟ್ ಬೇಕಾದರೆ ಶಿಖರ 20 ವೋಲ್ಟ್ ಮುಟ್ಟಬೇಕು. ಐಸಿಯೊಳಗೆ ಒಂದೆರಡು ವೋಲ್ಟ್ ಕಳೆದುಹೋಗುತ್ತದೆ, ಲೋಡ್ ಬಿದ್ದಾಗ ಪೂರೈಕೆಯೂ ಒಂದೆರಡು ವೋಲ್ಟ್ ಕುಸಿಯುತ್ತದೆ. ಹೀಗಾಗಿ ಧನ 25 ವೋಲ್ಟ್ ಮತ್ತು ಋಣ 25 ವೋಲ್ಟ್ ನಮ್ಮ ಗುರಿ.

ಇದಕ್ಕೆ 18-0-18 ವೋಲ್ಟ್, ಅಂದರೆ ನಡುವಿನ ತಂತಿಯಿಂದ (ಸೆಂಟರ್ ಟ್ಯಾಪ್) ಎರಡೂ ಬದಿಗೆ 18 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ ಸರಿಹೊಂದುತ್ತದೆ. 18ನ್ನು 1.414ರಿಂದ ಗುಣಿಸಿ, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್‌ನಲ್ಲಿ ಹೋಗುವ ಸುಮಾರು ಒಂದು ವೋಲ್ಟನ್ನು ಕಳೆದರೆ 24.4 ವೋಲ್ಟ್ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರುವ ವೋಲ್ಟೇಜ್ ಪೂರ್ಣ ಲೋಡ್‌ನದ್ದಾದ್ದರಿಂದ, ಲೋಡ್ ಇಲ್ಲದಾಗ 26ರಿಂದ 28 ವೋಲ್ಟ್ ಕಂಡರೂ ಗಾಬರಿಪಡಬೇಕಿಲ್ಲ. ಸಿಗ್ನಲ್ ಇರುವಾಗ ಧನ ಮತ್ತು ಋಣ ಪೂರೈಕೆಗಳ ನಡುವೆ ಎಲ್‌ಎಂ3886 ತಾಳಿಕೊಳ್ಳುವ ಮಿತಿ 84 ವೋಲ್ಟ್. ನಾವು ಅದರಿಂದ ಬಹಳ ಕೆಳಗಿದ್ದೇವೆ. ಹೆಚ್ಚು ವ್ಯಾಟ್‌ನ ಆಸೆಗೆ 24-0-24 ಟ್ರಾನ್ಸ್‌ಫಾರ್ಮರ್ ಹಾಕುವವರಿದ್ದಾರೆ. 8 ಓಮ್‌ಗೆ ಅದು ನಡೆಯುತ್ತದೆ, ಆದರೆ 4 ಓಮ್ ಸ್ಪೀಕರ್‌ಗೆ ಐಸಿಯ ಬಿಸಿ ಹತೋಟಿಗೆ ಬಾರದೆ ಒಳಗಿನ ರಕ್ಷಣಾ ಸರ್ಕ್ಯೂಟ್ ಹಾಡಿನ ನಡುವೆ ಧ್ವನಿಯನ್ನು ಕಡಿಯತೊಡಗುತ್ತದೆ. 25ರಿಂದ 40 ವ್ಯಾಟ್‌ಗೆ ಏರಿದಾಗ ಕಿವಿಗೆ ತಿಳಿಯುವ ವ್ಯತ್ಯಾಸ ಕೇವಲ 2 ಡೆಸಿಬೆಲ್; ಅದಕ್ಕಾಗಿ ಈ ತೊಂದರೆ ತಂದುಕೊಳ್ಳುವುದು ಯೋಗ್ಯವೆಂದು ನನಗೆ ಅನಿಸುವುದಿಲ್ಲ.

ಎರಡು ಚಾನೆಲ್‌ಗೆ 160 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಸಾಕು. ಉಂಗುರಾಕಾರದ ಟೊರಾಯ್ಡ್ ಸಿಕ್ಕರೆ ಅದನ್ನೇ ಆರಿಸಿ, ಏಕೆಂದರೆ ಅದರಿಂದ ಹೊರಗೆ ಸೋರುವ ಕಾಂತಕ್ಷೇತ್ರ ಕಡಿಮೆ.

ಶಾಖದ ಲೆಕ್ಕವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಅದು ಎರಡು ಸಾಲಿನ ಕೆಲಸ. ಈ ಐಸಿಯಂಥ ಎಬಿ ವರ್ಗದ ಆಂಪ್ಲಿಫೈಯರ್ ಅತಿ ಹೆಚ್ಚು ಬಿಸಿಯಾಗುವುದು ಪೂರ್ತಿ ಧ್ವನಿಯಲ್ಲಲ್ಲ, ಔಟ್‌ಪುಟ್ ಶಿಖರವು ಪೂರೈಕೆ ವೋಲ್ಟೇಜಿನ ಸುಮಾರು 64 ಶೇಕಡ ಇರುವಾಗ. ಆಗ ಐಸಿಯಲ್ಲಿ ಶಾಖವಾಗುವ ವ್ಯಾಟ್, ಒಟ್ಟು ಪೂರೈಕೆ ವೋಲ್ಟೇಜಿನ ವರ್ಗವನ್ನು 19.7ರಿಂದಲೂ ಸ್ಪೀಕರ್ ರೋಧದಿಂದಲೂ ಭಾಗಿಸಿದಷ್ಟು. 50 ವೋಲ್ಟ್ ಮತ್ತು 8 ಓಮ್‌ಗೆ ಇದು 16 ವ್ಯಾಟ್. ಸಿಗ್ನಲ್ ಇಲ್ಲದಾಗಲೂ ಐಸಿ ಎಳೆಯುವ ಸುಮಾರು 50 ಮಿಲಿಆಂಪಿಯರ್‌ನ 2.5 ವ್ಯಾಟನ್ನು ಸೇರಿಸಿದರೆ 18 ವ್ಯಾಟ್ ದಾಟುತ್ತದೆ. 4 ಓಮ್‌ಗೆ ಇದೇ 34 ವ್ಯಾಟ್ ಆಗುತ್ತದೆ. ಪೆಟ್ಟಿಗೆಯೊಳಗಿನ ಗಾಳಿ 40 ಡಿಗ್ರಿ ಇದೆ, ಐಸಿಯೊಳಗಿನ ಸಿಲಿಕಾನ್ 150 ಡಿಗ್ರಿ ದಾಟಬಾರದು ಎಂದಿಟ್ಟುಕೊಂಡರೆ, 8 ಓಮ್‌ಗೆ ಪ್ರತಿ ಚಾನೆಲ್‌ಗೂ ವ್ಯಾಟ್‌ಗೆ 4.5 ಡಿಗ್ರಿಯ ಹೀಟ್ ಸಿಂಕ್ (ಪ್ರತಿ ವ್ಯಾಟ್ ಶಾಖಕ್ಕೆ ಗಾಳಿಗಿಂತ 4.5 ಡಿಗ್ರಿ ಹೆಚ್ಚು ಬಿಸಿಯಾಗುವ, ಶಾಖ ಹೊರಬಿಡುವ ಲೋಹದ ತುಂಡು) ಸಾಕೆಂದು ಲೆಕ್ಕ ಹೇಳುತ್ತದೆ. ಆದರೆ ಅದು ಬದುಕುಳಿಯುವ ಅಂಚಷ್ಟೇ. ಆಗ ಹೀಟ್ ಸಿಂಕ್ ತಾನೇ 120 ಡಿಗ್ರಿ ಮುಟ್ಟಿ, ತಾಗಿದ ಕೈಯನ್ನು ಸುಡುತ್ತದೆ, ಪಕ್ಕದ ಕೆಪಾಸಿಟರ್‌ಗಳ ಆಯುಷ್ಯವನ್ನೂ ತಿನ್ನುತ್ತದೆ. 8 ಓಮ್‌ಗೆ ಪ್ರತಿ ಚಾನೆಲ್‌ಗೆ ವ್ಯಾಟ್‌ಗೆ 2 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, 4 ಓಮ್‌ಗೆ 1 ಡಿಗ್ರಿಯ ಹೀಟ್ ಸಿಂಕ್ ಆರಿಸುವುದು ನನ್ನ ಪದ್ಧತಿ. ಎರಡೂ ಚಾನೆಲ್‌ಗಳಿಗೆ ಒಂದೇ ಹೀಟ್ ಸಿಂಕ್ ಇಡುವುದಾದರೆ ಈ ಅಂಕಿಗಳನ್ನು ಅರ್ಧ ಮಾಡಬೇಕು.

ವಿದ್ಯುತ್ ಪೂರೈಕೆಯನ್ನು ಕಟ್ಟುವುದು

ಮೇನ್ಸ್ ತಂತಿ ಪೆಟ್ಟಿಗೆಯೊಳಗೆ ಬಂದ ಕೂಡಲೇ ಅದರ ಅರ್ತ್ ತಂತಿಯನ್ನು ಲೋಹದ ಪೆಟ್ಟಿಗೆಗೆ ಭದ್ರವಾಗಿ ಬಿಗಿಯಬೇಕು. ಬಣ್ಣ ಬಳಿದ ಜಾಗವಾದರೆ ಬಣ್ಣವನ್ನು ಕೆರೆದು, ಹಲ್ಲಿನ ವಾಷರ್ ಹಾಕಿ, ಬೇರೆ ಯಾವ ಕೆಲಸಕ್ಕೂ ಬಳಸದ ಬೋಲ್ಟಿನಿಂದ ಬಿಗಿಯಿರಿ. ಲೈವ್ ತಂತಿ ಮೊದಲು ಫ್ಯೂಸ್‌ಗೆ, ಅಲ್ಲಿಂದ ಸ್ವಿಚ್ಚಿಗೆ, ನಂತರ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಗೆ ಹೋಗಲಿ. 230 ವೋಲ್ಟ್ ಮೇನ್ಸ್ ಆದರೆ 1 ಆಂಪಿಯರ್, 120 ವೋಲ್ಟ್ ಆದರೆ 2 ಆಂಪಿಯರ್ ಫ್ಯೂಸ್ ಸರಿ. ಅದು ನಿಧಾನವಾಗಿ ಕರಗುವ ಬಗೆಯದಾಗಿರಬೇಕು, ಇಲ್ಲದಿದ್ದರೆ ಸ್ವಿಚ್ ಹಾಕಿದ ಕ್ಷಣದ ನುಗ್ಗುವ ಕರೆಂಟ್‌ಗೇ ಕಡಿದುಹೋಗುತ್ತದೆ. ಮೇನ್ಸ್ ಇರುವ ಪ್ರತಿಯೊಂದು ಬೆಸುಗೆಯ ಮೇಲೂ ಶಾಖಕ್ಕೆ ಕುಗ್ಗುವ ಕೊಳವೆ ಹಾಕಿ ಮುಚ್ಚಿ.

ಟ್ರಾನ್ಸ್‌ಫಾರ್ಮರ್‌ನಲ್ಲಿ ಸೆಂಟರ್ ಟ್ಯಾಪ್ ಬದಲು ಎರಡು ಪ್ರತ್ಯೇಕ 18 ವೋಲ್ಟ್ ಸುರುಳಿಗಳಿದ್ದರೆ, ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಕೂಡಿಸಿ, ಆ ಕೂಡುವ ಜಾಗವನ್ನೇ ಸೆಂಟರ್ ಟ್ಯಾಪ್ ಎಂದು ಇಟ್ಟುಕೊಳ್ಳಿ. ಹೊರ ತುದಿಗಳ ನಡುವೆ ಎಸಿ ಅಳೆದಾಗ 36 ವೋಲ್ಟ್ ಅಥವಾ ಸ್ವಲ್ಪ ಹೆಚ್ಚು ಬರಬೇಕು. ಸೊನ್ನೆಯ ಹತ್ತಿರ ಬಂದರೆ ಒಂದು ಸುರುಳಿ ತಿರುಗಮುರುಗ ಕೂತಿದೆ ಎಂದರ್ಥ.

ರೆಕ್ಟಿಫೈಯರ್ ಆಗಿ 25 ಆಂಪಿಯರ್‌ನ ಲೋಹದ ಮೈಯ ಬ್ರಿಡ್ಜನ್ನು ಪೆಟ್ಟಿಗೆಯ ತಳಕ್ಕೆ ಬಿಗಿಯಿರಿ. ಅದರ ಮುಂದೆ ಧನಕ್ಕೊಂದು, ಋಣಕ್ಕೊಂದು, 10,000 ಮೈಕ್ರೋಫ್ಯಾರಡ್, 50 ವೋಲ್ಟಿನ ಕೆಪಾಸಿಟರ್ ಬರುತ್ತದೆ. 50 ಹರ್ಟ್ಸ್ ಮೇನ್ಸ್‌ನಲ್ಲಿ 2 ಆಂಪಿಯರ್ ಎಳೆದಾಗ ಇದರ ಮೇಲೆ ಏರಿಳಿತ ಹೆಚ್ಚೆಂದರೆ 2 ವೋಲ್ಟ್. ಇದನ್ನು ಐಸಿ ತಾನೇ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಪ್ರತಿ ಕೆಪಾಸಿಟರ್‌ಗೆ ಅಡ್ಡಲಾಗಿ 2.2 ಕಿಲೋಓಮ್, 1 ವ್ಯಾಟಿನ ಬ್ಲೀಡರ್ ರೆಸಿಸ್ಟರ್ ಹಾಕಿದರೆ, ಆರಿಸಿದ ಎರಡು ನಿಮಿಷದೊಳಗೆ ಒಳಗಿನ ವಿದ್ಯುತ್ ಬರಿದಾಗುತ್ತದೆ. ಇದನ್ನು ಬಿಟ್ಟರೆ, ಅರ್ಧ ಗಂಟೆಯ ಹಿಂದೆ ಆರಿಸಿದ ಬೋರ್ಡಿನ ಮೇಲೂ ಸ್ಕ್ರೂಡ್ರೈವರ್ ಜಾರಿ ಕಿಡಿ ಹಾರಬಹುದು. ಹೀಗೆ ಜಾರಿದ ಒಂದೇ ಕ್ಷಣದಲ್ಲಿ ಚೆನ್ನಾಗಿದ್ದ ಐಸಿಯೊಂದನ್ನು ನಾನು ಕಳೆದುಕೊಂಡಿದ್ದೇನೆ.

ಬಲ್ಬು ಕಾಯುವ ಮೊದಲ ಪರೀಕ್ಷೆ

ಮೊದಲ ಬಾರಿ ವಿದ್ಯುತ್ ಕೊಡುವಾಗ ಮೇನ್ಸ್‌ನ ಲೈವ್ ತಂತಿಯಲ್ಲಿ ಒಂದು 60 ವ್ಯಾಟಿನ ಹಳೆಯ ತಂತಿ ಬಲ್ಬನ್ನು ಸರಣಿಯಾಗಿ ಸೇರಿಸಬೇಕು. ಎಲ್‌ಇಡಿ ಬಲ್ಬಾಗಲಿ ಸಿಎಫ್ಎಲ್ ಆಗಲಿ ಈ ಕೆಲಸಕ್ಕೆ ಬರುವುದಿಲ್ಲ. ಬಲ್ಬಿನ ತಂತಿ ತಣ್ಣಗಿರುವಾಗ ಅದರ ರೋಧ ಕಡಿಮೆ, ಬಿಸಿಯಾದಂತೆ ಅದು ಹಲವು ಪಟ್ಟು ಏರುತ್ತದೆ. ಆದ್ದರಿಂದ ಎಲ್ಲ ಸರಿಯಿದ್ದರೆ ಬಲ್ಬು ದಾರಿಗೆ ಅಡ್ಡ ಬರುವುದಿಲ್ಲ. ಎಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬು ತಾನು ಉರಿದು, ಕರೆಂಟನ್ನು ತನ್ನ ಮಿತಿಯಲ್ಲಿ ಹಿಡಿದಿಟ್ಟು, ನಿಮ್ಮ ಬಿಡಿಭಾಗಗಳನ್ನು ಉಳಿಸುತ್ತದೆ. ಬಲ್ಬಿನ ಹೋಲ್ಡರನ್ನು ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಹೊರಗೆ ಒಂದು ಸಾಕೆಟ್ ಇಟ್ಟು ಶಾಶ್ವತವಾಗಿ ಮಾಡಿಕೊಂಡರೆ ಮುಂದಿನ ಪ್ರತಿ ಕೆಲಸಕ್ಕೂ ಉಪಯೋಗಕ್ಕೆ ಬರುತ್ತದೆ. ಕೆಲಸದ ಮೇಜಿನ ಮೇಲೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಕಾರಿಯಾದ ಇನ್ನೊಂದು ಸಾಧನವನ್ನು ನಾನು ಕಂಡಿಲ್ಲ.

ಆಂಪ್ಲಿಫೈಯರ್ ಬೋರ್ಡುಗಳನ್ನು ಇನ್ನೂ ಜೋಡಿಸದೆ, ಪೂರೈಕೆಗಷ್ಟೇ ಬಲ್ಬಿನ ಮೂಲಕ ವಿದ್ಯುತ್ ಕೊಡಿ. ಕೆಪಾಸಿಟರ್‌ಗಳು ತುಂಬುವಾಗ ಬಲ್ಬು ಒಮ್ಮೆ ಬೆಳಗಿ, ಒಂದೆರಡು ಸೆಕೆಂಡಿನಲ್ಲಿ ಆರಿಹೋಗಬೇಕು ಅಥವಾ ಕಂಡೂ ಕಾಣದಂತೆ ಮಂಕಾಗಬೇಕು. ಉರಿಯುತ್ತಲೇ ಇದ್ದರೆ ತಕ್ಷಣ ಪ್ಲಗ್ ಕಿತ್ತು, ಬ್ರಿಡ್ಜಿನ ಕಾಲುಗಳನ್ನೂ ಕೆಪಾಸಿಟರ್‌ಗಳ ಧನ ಋಣ ದಿಕ್ಕನ್ನೂ ಪರಿಶೀಲಿಸಿ. ತಿರುಗಮುರುಗ ಜೋಡಿಸಿದ ದೊಡ್ಡ ಕೆಪಾಸಿಟರ್ ಸಿಡಿಯುತ್ತದೆ. ಮೊದಲ ನಿಮಿಷ ಮುಖವನ್ನು ಬೋರ್ಡಿನ ಮೇಲೆ ಬಗ್ಗಿಸಬೇಡಿ, ಕನ್ನಡಕ ಧರಿಸಿ. ಬಲ್ಬು ಆರಿದ ಮೇಲೆ, ಸೆಂಟರ್ ಟ್ಯಾಪ್‌ನಿಂದ ಎರಡೂ ಕಡೆಗೆ ಡಿಸಿ ಅಳೆಯಿರಿ. ಎರಡೂ ಅಂಕಿಗಳು 25ರಿಂದ 28 ವೋಲ್ಟ್ ನಡುವೆ ಇದ್ದು, ಒಂದಕ್ಕೊಂದು ಅರ್ಧ ವೋಲ್ಟ್ ಒಳಗೆ ಹೊಂದಬೇಕು.

ಆಂಪ್ಲಿಫೈಯರ್ ಬೋರ್ಡು

ಎಲ್‌ಎಂ3886ಗೆ 11 ಕಾಲುಗಳು. 1 ಮತ್ತು 5 ಧನ ಪೂರೈಕೆಗೆ, 4 ಋಣ ಪೂರೈಕೆಗೆ, 3 ಔಟ್‌ಪುಟ್, 7 ಗ್ರೌಂಡ್, 8 ಮ್ಯೂಟ್, 9 ಇನ್ವರ್ಟಿಂಗ್ ಇನ್‌ಪುಟ್, 10 ನಾನ್‌ಇನ್ವರ್ಟಿಂಗ್ ಇನ್‌ಪುಟ್. 2, 6, 11 ಖಾಲಿ.

ಸಿಗ್ನಲ್ 10 ಕಿಲೋಓಮ್‌ನ ಲಾಗ್ ವಾಲ್ಯೂಮ್ ಕಂಟ್ರೋಲ್‌ನಿಂದ 2.2 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಮೂಲಕ ಬಂದು, ಗ್ರೌಂಡ್‌ಗೆ 22 ಕಿಲೋಓಮ್ ರೆಸಿಸ್ಟರ್ ಇರುವ ಬಿಂದುವನ್ನು ದಾಟಿ, 1 ಕಿಲೋಓಮ್ ಮೂಲಕ 10ನೇ ಕಾಲನ್ನು ಸೇರುತ್ತದೆ. ಔಟ್‌ಪುಟ್‌ನಿಂದ 9ನೇ ಕಾಲಿಗೆ 20 ಕಿಲೋಓಮ್ ಫೀಡ್‌ಬ್ಯಾಕ್ ರೆಸಿಸ್ಟರ್. 9ನೇ ಕಾಲಿನಿಂದ 1 ಕಿಲೋಓಮ್ ಮತ್ತು ಅದರ ಸರಣಿಯಲ್ಲಿ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಗ್ರೌಂಡ್‌ಗೆ. ಇದರಿಂದ ಗೇನ್, ಅಂದರೆ ಸಿಗ್ನಲ್ ಹಿಗ್ಗುವ ಪಟ್ಟು, 21 ಆಗುತ್ತದೆ. 20 ವೋಲ್ಟ್ ಶಿಖರ ತಲುಪಲು ಇನ್‌ಪುಟ್‌ನಲ್ಲಿ 1 ವೋಲ್ಟ್ ಶಿಖರ ಸಾಕಾದ್ದರಿಂದ ಬೇರೆ ಪ್ರೀಆಂಪ್ಲಿಫೈಯರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಗೇನ್ 10ಕ್ಕಿಂತ ಕಡಿಮೆಯಾದರೆ ಈ ಐಸಿ ಸ್ಥಿರವಾಗಿ ನಿಲ್ಲದು. ಶಬ್ದ ಕಡಿಮೆ ಮಾಡುವ ಉದ್ದೇಶದಿಂದ ಗೇನ್ ತೀರ ಇಳಿಸಲು ಹೋಗಬೇಡಿ. ಫೀಡ್‌ಬ್ಯಾಕ್‌ಗೆ 20, ಇನ್‌ಪುಟ್‌ಗೆ 22 ಕಿಲೋಓಮ್ ಎಂದು ಹತ್ತಿರದ ಬೆಲೆಗಳನ್ನು ಇಟ್ಟಿರುವುದರಿಂದ, ಎರಡೂ ಇನ್‌ಪುಟ್‌ಗಳ ಪುಟ್ಟ ಬಯಾಸ್ ಕರೆಂಟ್‌ಗಳು ಹೆಚ್ಚುಕಡಿಮೆ ಸಮನಾದ ವೋಲ್ಟೇಜ್ ಹುಟ್ಟಿಸಿ, ಔಟ್‌ಪುಟ್‌ನಲ್ಲಿ ಒಂದನ್ನೊಂದು ಕಳೆದುಹಾಕುತ್ತವೆ.

ಧ್ವನಿಯನ್ನು ಅಡಗಿಸುವ ಮ್ಯೂಟ್ ಕಾಲಾದ 8ನೇ ಕಾಲನ್ನು 22 ಕಿಲೋಓಮ್ ಮೂಲಕ ಋಣ ಪೂರೈಕೆಗೆ ಜೋಡಿಸಬೇಕು. ಈ ಕಾಲಿನಿಂದ ಕನಿಷ್ಠ ಅರ್ಧ ಮಿಲಿಆಂಪಿಯರ್ ಹೊರಗೆ ಹರಿಯದಿದ್ದರೆ ಐಸಿ ಮ್ಯೂಟ್ ಸ್ಥಿತಿಯಲ್ಲೇ ಉಳಿಯುತ್ತದೆ. ಎಲ್ಲ ವೋಲ್ಟೇಜೂ ಸರಿಯಿದ್ದು ಧ್ವನಿಯೇ ಬಾರದಿದ್ದರೆ ಮೊದಲು ಇಲ್ಲಿ ನೋಡಿ.

ಔಟ್‌ಪುಟ್‌ನಿಂದ ಗ್ರೌಂಡ್‌ಗೆ 2.7 ಓಮ್, 1 ವ್ಯಾಟ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಸರಣಿಯಲ್ಲಿ ಬರುತ್ತವೆ. ಇದಕ್ಕೆ ಜೋಬೆಲ್ ಜಾಲ ಎಂದು ಹೆಸರು. ಸ್ಪೀಕರ್ ಸುರುಳಿ ಅತಿ ಎತ್ತರದ ಆವರ್ತನದಲ್ಲಿ ಲೋಡ್ ಆಗಿ ಉಳಿಯುವುದಿಲ್ಲ. ಆಗಲೂ ಐಸಿಗೆ ರೋಧವೊಂದು ಕಾಣುವಂತೆ ಮಾಡುವುದು ಇದರ ಕೆಲಸ. ಅದರ ನಂತರ ಸ್ಪೀಕರ್ ದಾರಿಯಲ್ಲಿ 10 ಓಮ್, 2 ವ್ಯಾಟ್ ರೆಸಿಸ್ಟರ್‌ಗೆ ಸಮಾಂತರವಾಗಿ 0.7 ಮೈಕ್ರೋಹೆನ್ರಿಯ ಸುರುಳಿ. ಇದನ್ನು ಕೊಳ್ಳಬೇಕಿಲ್ಲ: 1 ಮಿಲಿಮೀಟರ್ ದಪ್ಪದ ಎನಾಮಲ್ ತಂತಿಯನ್ನು 10 ಮಿಲಿಮೀಟರ್ ಡ್ರಿಲ್ ಬಿಟ್‌ನ ನುಣುಪಾದ ಭಾಗದ ಮೇಲೆ ಒತ್ತೊತ್ತಾಗಿ 10 ಸುತ್ತು ಸುತ್ತಿ ಕಳಚಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಉದ್ದನೆಯ ಸ್ಪೀಕರ್ ತಂತಿಯ ಕೆಪಾಸಿಟನ್ಸ್ ಐಸಿಯನ್ನು ಕೆಣಕದಂತೆ ಇದು ತಡೆಯುತ್ತದೆ.

ಈ ಬೋರ್ಡಿನಲ್ಲಿ ಒಂದೇ ಒಂದು ನಿಯಮವನ್ನು ಅಕ್ಷರಶಃ ಪಾಲಿಸಬೇಕೆಂದರೆ ಅದು ಬೈಪಾಸ್ ಕೆಪಾಸಿಟರ್‌ಗಳದ್ದು. ಧನ ಮತ್ತು ಋಣ ಕಾಲುಗಳಿಂದ ಗ್ರೌಂಡ್‌ಗೆ ತಲಾ ಒಂದು 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರನ್ನು ಐಸಿಯ ಕಾಲಿಗೆ ತಾಗಿಕೊಂಡಂತೆ, ಸಾಧ್ಯವಾದರೆ ಕೆಲವೇ ಮಿಲಿಮೀಟರ್ ದೂರದಲ್ಲಿ ಬೆಸೆಯಿರಿ. ಪಕ್ಕದಲ್ಲೇ ತಲಾ ಒಂದು 470 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಇರಲಿ. ದೊಡ್ಡ ಕೆಪಾಸಿಟರ್‌ಗಳು ಹೇಗೂ ಇವೆಯಲ್ಲ ಎಂದು ಇವನ್ನು ಬಿಡುವವರಿದ್ದಾರೆ. ಆದರೆ ಅಲ್ಲಿಂದ ಇಲ್ಲಿಗೆ ಬರುವ ಒಂದು ಗೇಣು ತಂತಿಯೇ ಎತ್ತರದ ಆವರ್ತನಕ್ಕೆ ಒಂದು ಸುರುಳಿಯಾಗಿಬಿಡುತ್ತದೆ, ಐಸಿ ಹಾಡುವ ಬದಲು ತನ್ನಷ್ಟಕ್ಕೆ ತಾನೇ ಆಂದೋಲಿಸತೊಡಗುತ್ತದೆ.

ಐಸಿಯನ್ನು ಹೀಟ್ ಸಿಂಕಿಗೆ ಬಿಗಿಯುವಾಗ ಅದರ ಬಗೆಯನ್ನು ಗಮನಿಸಿ. ಎಲ್‌ಎಂ3886ಟಿ ಎಂಬುದರ ಬೆನ್ನಿನ ಲೋಹ ಋಣ ಪೂರೈಕೆಗೆ ಒಳಗಿನಿಂದಲೇ ಜೋಡಣೆಯಾಗಿದೆ. ಆದ್ದರಿಂದ ಅದರ ಹಿಂದೆ ಮೈಕಾ ಅಥವಾ ಸಿಲಿಕೋನ್ ಹಾಳೆ, ಸ್ಕ್ರೂಗೆ ಇನ್ಸುಲೇಟಿಂಗ್ ಬುಷ್, ಮೈಕಾದ ಎರಡೂ ಬದಿಗೆ ತೆಳುವಾಗಿ ಹೀಟ್ ಸಿಂಕ್ ಪೇಸ್ಟ್ ಬೇಕು. ಎಲ್‌ಎಂ3886ಟಿಎಫ್‌ನ ಬೆನ್ನು ಪ್ಲಾಸ್ಟಿಕ್ಕಿನದು. ಪೇಸ್ಟ್ ಮಾತ್ರ ಸಾಕು, ಆದರೆ ಅದು ಶಾಖವನ್ನು ಸ್ವಲ್ಪ ನಿಧಾನವಾಗಿ ಬಿಡುತ್ತದೆ. ಮೊದಲು ಸ್ಕ್ರೂ ಬಿಗಿದು ನಂತರ ಕಾಲುಗಳನ್ನು ಬೆಸೆದರೆ ಕಾಲುಗಳ ಮೇಲೆ ಎಳೆತ ಬೀಳುವುದಿಲ್ಲ. ಕೊನೆಗೆ ಮಲ್ಟಿಮೀಟರಿನಿಂದ ಐಸಿಯ ಬೆನ್ನಿಗೂ ಹೀಟ್ ಸಿಂಕಿಗೂ ನಡುವೆ ಸಂಪರ್ಕವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಲೋಹದ ಒಂದು ಸಣ್ಣ ಚೂರು ಮೈಕಾವನ್ನು ತೂತು ಮಾಡಿರುವುದು ಕಣ್ಣಿಗೆ ಕಾಣುವುದಿಲ್ಲ.

ಗ್ರೌಂಡ್: ಗುಂಯ್ ಶಬ್ದದ ಮೂಲ

ಟ್ರಾನ್ಸ್‌ಫಾರ್ಮರ್‌ನಿಂದ ದೊಡ್ಡ ಕೆಪಾಸಿಟರ್‌ಗೆ ಕರೆಂಟ್ ಒಂದೇ ಸಮನೆ ಹರಿಯುವುದಿಲ್ಲ. ಎಸಿ ಅಲೆಯ ಶಿಖರದಲ್ಲಿ ಮಾತ್ರ, ಸೆಕೆಂಡಿಗೆ 100 ಬಾರಿ, 10 ಆಂಪಿಯರ್‌ವರೆಗಿನ ಚೂಪಾದ ಬಡಿತಗಳಾಗಿ ನುಗ್ಗುತ್ತದೆ. 60 ಹರ್ಟ್ಸ್ ಮೇನ್ಸ್‌ನಲ್ಲಿ 120 ಬಾರಿ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಒಂದು ಅಡಿ ಉದ್ದಕ್ಕೆ ಸುಮಾರು 5 ಮಿಲಿಓಮ್ ರೋಧ ತೋರುತ್ತದೆ. ಆ ತಂತಿಯ ಮೇಲೆ ಈ ಬಡಿತ ಹರಿದಾಗ ಅದರ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ಹುಟ್ಟುತ್ತದೆ. ಇನ್‌ಪುಟ್‌ನ ಗ್ರೌಂಡನ್ನು ಒಂದು ತುದಿಗೂ ಫೀಡ್‌ಬ್ಯಾಕ್‌ನ ಗ್ರೌಂಡನ್ನು ಇನ್ನೊಂದು ತುದಿಗೂ ಕೂಡಿಸಿದ್ದರೆ, ಐಸಿ ಅದನ್ನು ಸಿಗ್ನಲ್ ಎಂದೇ ತಿಳಿದು 21 ಪಟ್ಟು ಹಿಗ್ಗಿಸುತ್ತದೆ, ಅಂದರೆ ಸ್ಪೀಕರ್‌ಗೆ ಒಂದು ವೋಲ್ಟಿನಷ್ಟು ಗುಂಯ್ ಶಬ್ದ ಹೋಗುತ್ತದೆ. ಎಷ್ಟು ದೊಡ್ಡ ಕೆಪಾಸಿಟರ್ ಹಾಕಿದರೂ ಈ ಶಬ್ದ ಹೋಗದು. ಕೆಪಾಸಿಟರ್ ದೊಡ್ಡದಾದಷ್ಟೂ ಬಡಿತ ಇನ್ನಷ್ಟು ಚೂಪಾಗುತ್ತದೆ.

ಪರಿಹಾರ ಹೀಗಿದೆ. ಸೆಂಟರ್ ಟ್ಯಾಪ್ ತಂತಿ ನೇರವಾಗಿ ಎರಡು ದೊಡ್ಡ ಕೆಪಾಸಿಟರ್‌ಗಳು ಕೂಡುವ ಜಾಗಕ್ಕೆ ಬರಲಿ. ಬಡಿತಗಳ ಓಡಾಟ ಅಲ್ಲಿಗೇ ಮುಗಿಯಲಿ. ಆ ಜಾಗದಿಂದ ಒಂದೇ ಒಂದು ಗಿಡ್ಡ ದಪ್ಪ ತಂತಿ ಹೊರಟು, ಸ್ವಲ್ಪ ಆಚೆ ಇರುವ ಬೋಲ್ಟೊಂದನ್ನು ಸೇರಲಿ. ಈ ಬೋಲ್ಟೇ ನಕ್ಷತ್ರ ಗ್ರೌಂಡ್. ಪ್ರತಿ ಚಾನೆಲ್‌ನ ಬೋರ್ಡಿನಿಂದ ಒಂದು ಪೂರೈಕೆ ಗ್ರೌಂಡ್ ತಂತಿ, ಸ್ಪೀಕರ್‌ನಿಂದ ಮರಳುವ ತಂತಿ, ಸಿಗ್ನಲ್ ಗ್ರೌಂಡ್ ತಂತಿ, ಇವೆಲ್ಲ ಬೇರೆ ಬೇರೆಯಾಗಿ ಬಂದು ಇಲ್ಲಿ ಮಾತ್ರ ಒಂದಾಗಬೇಕು. ಬೋರ್ಡಿನ ಮೇಲೂ ಇನ್‌ಪುಟ್‌ನ 22 ಕಿಲೋಓಮ್ ಮತ್ತು ಫೀಡ್‌ಬ್ಯಾಕ್‌ನ 22 ಮೈಕ್ರೋಫ್ಯಾರಡ್ ಒಂದೇ ಸಿಗ್ನಲ್ ಗ್ರೌಂಡಿಗೆ, ಬೈಪಾಸ್ ಕೆಪಾಸಿಟರ್‌ಗಳು ಮತ್ತು ಜೋಬೆಲ್ ಜಾಲ ಪೂರೈಕೆ ಗ್ರೌಂಡಿಗೆ ಹೋಗಲಿ.

ನಕ್ಷತ್ರ ಗ್ರೌಂಡನ್ನು ಪೆಟ್ಟಿಗೆಯ ಅರ್ತ್‌ಗೆ ಒಂದೇ ಕಡೆ ಕೂಡಿಸಬೇಕು, ಆದರೆ ಎಂದಿಗೂ ಕೂಡಿಸದೆ ಬಿಡಬಾರದು. ಗುಂಯ್ ಶಬ್ದ ಕಡಿಮೆಯಾಯಿತೆಂದು ಅರ್ತ್ ತಂತಿಯನ್ನೇ ಕತ್ತರಿಸುವ ಅಭ್ಯಾಸ ಜೀವಕ್ಕೆ ಅಪಾಯಕಾರಿ. ಅದನ್ನು ಯಾರು ಹೇಳಿದರೂ ಮಾಡಬೇಡಿ. ಬೇರೆ ಉಪಕರಣಗಳ ಜೊತೆ ಅರ್ತ್ ಸುತ್ತು ಏರ್ಪಟ್ಟು ಶಬ್ದ ಬರುತ್ತಿದ್ದರೆ, ನಕ್ಷತ್ರ ಗ್ರೌಂಡ್ ಮತ್ತು ಅರ್ತ್ ನಡುವೆ 10 ಓಮ್ ರೆಸಿಸ್ಟರನ್ನೂ, ಅದಕ್ಕೆ ಸಮಾಂತರವಾಗಿ ವಿರುದ್ಧ ದಿಕ್ಕಿನ ಡಯೋಡ್‌ಗಳ ಕೆಲಸ ಮಾಡುವಂತೆ ಜೋಡಿಸಿದ 25 ಆಂಪಿಯರ್ ಬ್ರಿಡ್ಜನ್ನೂ ಹಾಕಬಹುದು. ಪೆಟ್ಟಿಗೆ ಮಾತ್ರ ಯಾವಾಗಲೂ ನೇರವಾಗಿ ಅರ್ತ್‌ಗೇ ಇರಬೇಕು.

ತಂತಿಗಳನ್ನು ಒಯ್ಯುವಾಗ ಧನ, ಋಣ ಮತ್ತು ಗ್ರೌಂಡ್ ತಂತಿಗಳನ್ನು ಒಟ್ಟಿಗೆ ಹೆಣೆದು ಒಯ್ಯಿರಿ. ಇನ್‌ಪುಟ್‌ಗೆ ಶೀಲ್ಡ್ ತಂತಿ ಬಳಸಿ, ಅದನ್ನು ಟ್ರಾನ್ಸ್‌ಫಾರ್ಮರ್‌ನಿಂದಲೂ ಔಟ್‌ಪುಟ್ ತಂತಿಯಿಂದಲೂ ದೂರವಿಡಿ.

ಬೋರ್ಡುಗಳಿಗೆ ಮೊದಲ ವಿದ್ಯುತ್

ಒಂದು ಬಾರಿಗೆ ಒಂದೇ ಚಾನೆಲ್ ಜೋಡಿಸಿ. ಸ್ಪೀಕರ್ ಇಲ್ಲ, ಇನ್‌ಪುಟ್ ಗ್ರೌಂಡ್‌ಗೆ ಶಾರ್ಟ್, ಬಲ್ಬು ಸರಣಿಯಲ್ಲಿ. ಬಲ್ಬು ಬೆಳಗಿ ಮಂಕಾದ ಮೇಲೆ ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ ಡಿಸಿ ಅಳೆಯಿರಿ. ಈ ಸರ್ಕ್ಯೂಟಿನಲ್ಲಿ ಅದು 20 ಮಿಲಿವೋಲ್ಟ್ ಒಳಗಿರಬೇಕು. 100 ಮಿಲಿವೋಲ್ಟ್ ದಾಟಿದರೆ ಫೀಡ್‌ಬ್ಯಾಕ್ ದಾರಿಯ ಬೆಸುಗೆಗಳನ್ನು ಮತ್ತೆ ನೋಡಿ. ಪೂರೈಕೆಯಷ್ಟೇ ವೋಲ್ಟೇಜ್ ಕಂಡರೆ ಐಸಿ ಸತ್ತಿದೆ ಅಥವಾ 9ನೇ ಕಾಲು ಎಲ್ಲೂ ಸೇರಿಲ್ಲ. ಈ ಅಳತೆ ಏಕೆ ಅಷ್ಟು ಮುಖ್ಯವೆಂದರೆ, 8 ಓಮ್ ಸ್ಪೀಕರ್ ಸುರುಳಿಯ ಡಿಸಿ ರೋಧ ಸುಮಾರು 6 ಓಮ್ ಮಾತ್ರ. ಅದಕ್ಕೆ 25 ವೋಲ್ಟ್ ಡಿಸಿ ಹೋದರೆ 100 ವ್ಯಾಟಿನಷ್ಟು ಶಾಖ ಹುಟ್ಟಿ ಕೆಲವೇ ಕ್ಷಣಗಳಲ್ಲಿ ಸುರುಳಿ ಸುಡುತ್ತದೆ.

ಐದು ನಿಮಿಷ ಹಾಗೆಯೇ ಬಿಡಿ. ಹೀಟ್ ಸಿಂಕ್ ಉಗುರುಬೆಚ್ಚಗಾಗಬಹುದು, ಅದಕ್ಕಿಂತ ಹೆಚ್ಚಲ್ಲ. ನಂತರ ಪ್ಲಗ್ ಕಿತ್ತು ಜೋಬೆಲ್‌ನ 2.7 ಓಮ್ ರೆಸಿಸ್ಟರನ್ನು ಬೆರಳಿನಿಂದ ಮುಟ್ಟಿ ನೋಡಿ. ಸಿಗ್ನಲ್ ಇಲ್ಲದಾಗ ಅದು ತಣ್ಣಗಿರಲೇಬೇಕು; 20 ಕಿಲೋಹರ್ಟ್ಸ್‌ನ ಪೂರ್ಣ ಔಟ್‌ಪುಟ್‌ನಲ್ಲೂ ಅದರಲ್ಲಿ ಖರ್ಚಾಗುವುದು ಒಂದು ವ್ಯಾಟಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅದು ಬಿಸಿಯಾಗಿದ್ದರೆ ಐಸಿ ಕಿವಿಗೆ ಕೇಳದ ಆವರ್ತನದಲ್ಲಿ ಆಂದೋಲಿಸುತ್ತಿದೆ ಎಂದೇ ತಿಳಿಯಬೇಕು. ಆಸಿಲೋಸ್ಕೋಪ್ ಇಲ್ಲದವರಿಗೆ ಇದಕ್ಕಿಂತ ನಂಬಬಹುದಾದ ಸುಳಿವು ಇಲ್ಲ. ಆಗ ಬೈಪಾಸ್ ಕೆಪಾಸಿಟರ್‌ಗಳನ್ನು ಇನ್ನೂ ಹತ್ತಿರಕ್ಕೆ ತನ್ನಿ, ಇನ್‌ಪುಟ್ ಮತ್ತು ಔಟ್‌ಪುಟ್ ತಂತಿಗಳನ್ನು ಬೇರ್ಪಡಿಸಿ.

ಇನ್ನೊಂದು ಚಾನೆಲ್‌ಗೂ ಹೀಗೆಯೇ ಮಾಡಿ, ಆಮೇಲೆ ಬಲ್ಬನ್ನು ತೆಗೆಯಿರಿ. ಲೋಡ್ ಹಾಕಿ ಅಳೆಯುವ ಮುಂದಿನ ಪರೀಕ್ಷೆಗಳಲ್ಲಿ ಬಲ್ಬು ಇದ್ದರೆ ಪೂರೈಕೆ ಕುಸಿದು ಸುಳ್ಳು ಅಂಕಿ ಬರುತ್ತದೆ.

ಡಮ್ಮಿ ಲೋಡ್‌ನ ಮೇಲೆ ಅಳತೆ

ಸ್ಪೀಕರ್ ಬದಲು ಅಲ್ಯೂಮಿನಿಯಂ ಮೈಯ 8 ಓಮ್, 100 ವ್ಯಾಟ್ ರೆಸಿಸ್ಟರನ್ನು ಹೀಟ್ ಸಿಂಕಿಗೆ ಬಿಗಿದು ಬಳಸಿ. ಸಿಗದಿದ್ದರೆ ನಾಲ್ಕು 8 ಓಮ್, 50 ವ್ಯಾಟ್ ರೆಸಿಸ್ಟರ್‌ಗಳನ್ನು ಎರಡೆರಡು ಸರಣಿಯಾಗಿಸಿ, ಆ ಎರಡು ಜೋಡಿಗಳನ್ನು ಸಮಾಂತರವಾಗಿಸಿದರೂ 8 ಓಮ್ ಬರುತ್ತದೆ. ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ ಮೇನ್ಸ್ ಅರ್ತ್‌ಗೆ ಜೋಡಣೆಯಾಗಿರುತ್ತದೆ, ಆದ್ದರಿಂದ ಅದನ್ನು ಯಾವಾಗಲೂ ಔಟ್‌ಪುಟ್‌ನ ಗ್ರೌಂಡ್ ಕಡೆಗೇ ಹಾಕಬೇಕು. ಧನ ತುದಿಗೆ ಹಾಕಿದರೆ ಔಟ್‌ಪುಟ್ ಶಾರ್ಟ್ ಆಗುತ್ತದೆ.

1 ಕಿಲೋಹರ್ಟ್ಸ್ ಸೈನ್ ಅಲೆಯನ್ನು ಕೊಟ್ಟು, ಅಲೆಯ ತುದಿಗಳು ಚಪ್ಪಟೆಯಾಗುವವರೆಗೆ ವಾಲ್ಯೂಮ್ ಏರಿಸಿ, ಅಲ್ಲಿಂದ ತುಸು ಇಳಿಸಿ. ಆಗಿನ ಆರ್‌ಎಂಎಸ್ ವೋಲ್ಟೇಜನ್ನು (ಸೈನ್ ಅಲೆಯಲ್ಲಿ ಶಿಖರವನ್ನು 1.414ರಿಂದ ಭಾಗಿಸಿದಷ್ಟು) ವರ್ಗ ಮಾಡಿ 8ರಿಂದ ಭಾಗಿಸಿ. 14.1 ವೋಲ್ಟ್ ಬಂದರೆ 25 ವ್ಯಾಟ್. ಧನ ತುದಿ ಮತ್ತು ಋಣ ತುದಿ ಬಹುತೇಕ ಒಟ್ಟಿಗೇ ಚಪ್ಪಟೆಯಾಗಬೇಕು. ಒಂದು ಕಡೆ ಬಹಳ ಮೊದಲೇ ಕತ್ತರಿಸಿದರೆ ಆ ಕಡೆಯ ಪೂರೈಕೆ ಕುಸಿಯುತ್ತಿದೆ. ಆಸಿಲೋಸ್ಕೋಪ್ ಇಲ್ಲದೆ ಮಲ್ಟಿಮೀಟರಿನಿಂದಲೇ ಅಳೆಯುವವರು 1 ಕಿಲೋಹರ್ಟ್ಸ್ ಬದಲು 100 ಅಥವಾ 200 ಹರ್ಟ್ಸ್ ಬಳಸಿ. ಅಗ್ಗದ ಮಲ್ಟಿಮೀಟರ್‌ಗಳ ಎಸಿ ಅಳತೆ ಕೆಲವು ನೂರು ಹರ್ಟ್ಸ್ ಮೀರಿದರೆ ನಂಬಲರ್ಹವಲ್ಲ.

ನಂತರ ಔಟ್‌ಪುಟನ್ನು 2.83 ವೋಲ್ಟಿಗೆ, ಅಂದರೆ ಒಂದು ವ್ಯಾಟಿಗೆ ಇಳಿಸಿ ಆವರ್ತನ ಬದಲಿಸಿ. 20 ಹರ್ಟ್ಸ್‌ನಲ್ಲಿ ಸುಮಾರು 2.6 ವೋಲ್ಟ್ ಬರಬೇಕು. ಈ ಸಣ್ಣ ಇಳಿಕೆ ನಾವು ಹಾಕಿದ ಎರಡು ಕೆಪಾಸಿಟರ್‌ಗಳದ್ದೇ. 20 ಕಿಲೋಹರ್ಟ್ಸ್‌ನಲ್ಲಿ ಗಮನಾರ್ಹ ಇಳಿಕೆ ಕಾಣಬಾರದು. 10 ಕಿಲೋಹರ್ಟ್ಸ್‌ನ ಚೌಕ ಅಲೆಯನ್ನು ಕೊಟ್ಟು ಅದರ ಅಂಚುಗಳನ್ನು ನೋಡಿ. ಅಂಚು ಸ್ವಲ್ಪ ದುಂಡಗಾದರೆ ಚಿಂತೆಯಿಲ್ಲ. ಅಂಚಿನ ನಂತರ ಅಲೆಯು ನಾಲ್ಕೈದು ಬಾರಿ ಕುಲುಕಾಡಿದರೆ ಸ್ಥಿರತೆ ಸಾಲದು; ಬೈಪಾಸ್ ಮತ್ತು ಔಟ್‌ಪುಟ್ ಸುರುಳಿಯ ಕಡೆಗೆ ಮತ್ತೆ ಗಮನ ಕೊಡಬೇಕು.

ಲೋಡ್ ತೆಗೆದಾಗ ಮತ್ತು ಹಾಕಿದಾಗ ಔಟ್‌ಪುಟ್ ವೋಲ್ಟೇಜ್ ಎಷ್ಟು ಬದಲಾಗುತ್ತದೆ ಎಂಬುದರಿಂದ ಔಟ್‌ಪುಟ್ ರೋಧ ತಿಳಿಯುತ್ತದೆ. ಲೋಡ್ ಇಲ್ಲದೆ 5.00, ಲೋಡ್‌ನೊಂದಿಗೆ 4.94 ವೋಲ್ಟ್ ಎಂದಾದರೆ ಅದು ಸುಮಾರು 0.1 ಓಮ್. ಇದಕ್ಕಿಂತ ಬಹಳ ಹೆಚ್ಚು ಬಂದರೆ ಸ್ಪೀಕರ್ ಟರ್ಮಿನಲ್‌ಗಳ ಬೆಸುಗೆ ಸಡಿಲವಿರುತ್ತದೆ.

ಇನ್‌ಪುಟ್ ಶಾರ್ಟ್ ಮಾಡಿ ಔಟ್‌ಪುಟ್‌ನಲ್ಲಿ ಎಸಿ ಅಳೆದಾಗ 1 ಮಿಲಿವೋಲ್ಟಿಗಿಂತ ಕಡಿಮೆ ಬರಬೇಕು. ಹೆಚ್ಚು ಬಂದರೆ ಆಸಿಲೋಸ್ಕೋಪಿನಲ್ಲಿ ಅದರ ಆಕಾರ ನೋಡಿ. ಮೇನ್ಸ್ ಆವರ್ತನದ್ದೇ ನಯವಾದ ಅಲೆಯಾದರೆ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಇನ್‌ಪುಟ್ ತಂತಿಗೆ ತಾಗುತ್ತಿದೆ. ಟ್ರಾನ್ಸ್‌ಫಾರ್ಮರನ್ನು ಸ್ವಲ್ಪ ತಿರುಗಿಸಿ ನೋಡಿ. ಅದರ ಎರಡರಷ್ಟು ಆವರ್ತನದ ಚೂಪಾದ ಬಡಿತವಾದರೆ, ಮೇಲೆ ಹೇಳಿದ ಗ್ರೌಂಡ್ ದಾರಿಯಲ್ಲಿ ಎಲ್ಲೋ ತಪ್ಪಾಗಿದೆ.

ಕೊನೆಯದು ಬಿಸಿಯ ಪರೀಕ್ಷೆ. ಎರಡೂ ಚಾನೆಲ್‌ಗಳನ್ನು 8 ಓಮ್ ಲೋಡ್ ಮೇಲೆ 11.3 ವೋಲ್ಟ್ ಆರ್‌ಎಂಎಸ್‌ನಲ್ಲಿ ಅರ್ಧ ಗಂಟೆ ಓಡಿಸಿ. ಶಾಖದ ಲೆಕ್ಕದಲ್ಲಿ ಕಂಡ 64 ಶೇಕಡದ ಬಿಂದು ಇದೇ. ಹೀಟ್ ಸಿಂಕ್ 70 ಡಿಗ್ರಿ ಮೀರಬಾರದು. ಸಂಗೀತದಲ್ಲಿ ಇಷ್ಟು ಶಾಖ ಬಹುತೇಕ ಬರುವುದೇ ಇಲ್ಲ, ಆದ್ದರಿಂದ ಇದನ್ನು ದಾಟಿದ ಆಂಪ್ಲಿಫೈಯರನ್ನು ಧೈರ್ಯವಾಗಿ ಗಂಟೆಗಟ್ಟಲೆ ಹಾಡಿಸಬಹುದು. ಪರೀಕ್ಷೆಯ ಉದ್ದಕ್ಕೂ ಪಕ್ಕದಲ್ಲೇ ಇರಿ. ಡಮ್ಮಿ ಲೋಡ್ ಕೂಡ ಕೈ ಸುಡುವಷ್ಟು ಬಿಸಿಯಾಗುತ್ತದೆ.

ಸ್ಪೀಕರ್

ತಣ್ಣಗಾದ ಮೇಲೆ ಡಿಸಿ ಆಫ್‌ಸೆಟನ್ನು, ಅಂದರೆ ಸಿಗ್ನಲ್ ಇಲ್ಲದಾಗ ಔಟ್‌ಪುಟ್‌ನಲ್ಲಿರುವ ಡಿಸಿಯನ್ನು, ಇನ್ನೊಮ್ಮೆ ಅಳೆದು, ಮೊದಲಿನ ಅಂಕಿಯೇ ಇದ್ದರೆ, ಒಂದು ಹಳೆಯ ಸ್ಪೀಕರನ್ನು ಜೋಡಿಸಿ, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಸ್ವಿಚ್ ಹಾಕಿ. ಕಿವಿಯನ್ನು ಸ್ಪೀಕರ್ ಹತ್ತಿರ ಹಿಡಿದರೂ ಬಹಳ ಸಣ್ಣ ಹಿಸ್ ಶಬ್ದವನ್ನು ಬಿಟ್ಟರೆ ಏನೂ ಕೇಳಬಾರದು. ನಂತರ ನಿಮಗೆ ಚೆನ್ನಾಗಿ ಪರಿಚಯವಿರುವ ಹಾಡೊಂದನ್ನು ಸಣ್ಣ ಧ್ವನಿಯಲ್ಲಿ ಹಾಕಿ. ಎರಡೂ ಚಾನೆಲ್‌ಗಳು ಸರಿಯಾದ ಬದಿಯಲ್ಲಿವೆಯೇ, ಸ್ಪೀಕರ್‌ಗಳ ಧನ ಋಣ ಎರಡರಲ್ಲೂ ಒಂದೇ ರೀತಿ ಇವೆಯೇ ಎಂದು ನೋಡಿಕೊಳ್ಳಿ. ಒಂದು ತಿರುಗಿದ್ದರೆ ತಗ್ಗು ಸ್ವರಗಳು ಕಾಣೆಯಾಗಿ ಗಾಯಕನ ದನಿ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದಂತಾಗುತ್ತದೆ. ಒಳ್ಳೆಯ ಸ್ಪೀಕರ್‌ಗಳನ್ನು ಜೋಡಿಸುವ ಮೊದಲು ಔಟ್‌ಪುಟ್‌ನಲ್ಲಿ ಡಿಸಿ ಕಂಡರೆ ಸ್ಪೀಕರನ್ನು ಕಡಿದುಹಾಕುವ ರಿಲೇ ಬೋರ್ಡೊಂದನ್ನು ಸೇರಿಸುವುದು ಒಳ್ಳೆಯದು. ಐಸಿಯ ಒಳಗಿನ ರಕ್ಷಣೆ ಐಸಿಯನ್ನು ಕಾಯುತ್ತದೆ. ಅದೇ ಸತ್ತುಹೋದಾಗ ಸ್ಪೀಕರನ್ನು ಕಾಯಲು ಬೇರೆ ಯಾರೂ ಇರುವುದಿಲ್ಲ. ಒಂದು ವಾರ ಬಳಸಿದ ನಂತರ ಪ್ಲಗ್ ಕಿತ್ತು, ಮುಚ್ಚಳ ತೆರೆದು, ಐಸಿಗಳ ಸ್ಕ್ರೂಗಳನ್ನೂ ಅರ್ತ್ ಬೋಲ್ಟನ್ನೂ ಮತ್ತೊಮ್ಮೆ ಬಿಗಿಮಾಡಿ. ಬಿಸಿ ತಂಪುಗಳ ಏರಿಳಿತದಲ್ಲಿ ಅವು ಸ್ವಲ್ಪ ಸಡಿಲಗೊಂಡಿರುತ್ತವೆ.